ಬೆನ್ನಿಗೆ ಮಣ್ಣು ಹತ್ತುವ ತನಕ

ಬ್ಯಾಂಕಾಕಿಗೆ ಹೋಗಿಬಂದವರ ಮೊಬೈಲಿನಲ್ಲಿ ಮೂರು ಬಗೆಯ ಚಿತ್ರ ಇದ್ದೇ ಇರುತ್ತವೆ: ಮಲಗಿದ ಬುದ್ಧ, ದೋಣಿಯಲ್ಲಿ ಹಣ್ಣು ಮಾರುವ ಹೆಂಗಸು, ಝಗಮಗಿಸುವ ದೀಪದಡಿ ಒಬ್ಬರನ್ನೊಬ್ಬರು ಒದೆಯುತ್ತಿರುವ ಇಬ್ಬರು ಹುಡುಗರು. ಸವದತ್ತಿ ಯಲ್ಲಮ್ಮನಿಗೆ ಮನೆತನದ ಹರಕೆ ತೀರಿಸಲು ಬೆಂಗಳೂರಿನಿಂದ ಬಂದಿದ್ದ ನನ್ನ ಗೆಳೆಯನ ಮೊಬೈಲಿನಲ್ಲೂ ಈ ಮೂರೂ ಇದ್ದವು. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಮುಯ್ ಥಾಯ್ ಎಂಬ ಆ ಕಾಳಗದ ವಿಡಿಯೊ ತೋರಿಸುತ್ತ, ಕಣದ ಪಕ್ಕದ ಕುರ್ಚಿಗೆ ತಾನು ತೆತ್ತ ದುಡ್ಡು ಎಷ್ಟೆಂದು ಹೇಳಿದ. ನಮ್ಮವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. ‘ಬಡದಾಡೂದು ನೋಡಾಕ ಅಷ್ಟ ರೊಕ್ಕಾ ಕೊಟ್ಟೇನಪಾ? ನಮ್ಮೂರ ಅಗಸ್ಯಾಗ ನಿಂತಿದ್ರ ಪುಕ್ಕಟನ ಕಾಣತಿತ್ತಲ್ಲೊ!’

ಅವನಿಗೆ ಒಂದು ಅಸಮಾಧಾನವಿತ್ತು. ಹೊಡೆದಾಟ ನೋಡಲು ಹೋದರೆ ಹುಡುಗರು ಮೊದಲು ಎಷ್ಟೋ ಹೊತ್ತು ಕುಣಿದರಂತೆ, ಮಂಡಿಯೂರಿ ನಮಸ್ಕಾರ ಹಾಕಿದರಂತೆ. ಮೊದಲೆರಡು ಸುತ್ತುಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲವಂತೆ. ಯಾರೋ ಒಂದೇ ಸಮನೆ ಪೀಪಿ ಊದುತ್ತಿದ್ದರಂತೆ. ‘ಆಮೇಲೆ ಚೆನ್ನಾಗಿತ್ತು’ ಎಂದ.

ಮರುದಿನ ಸವದತ್ತಿಯ ದಾರಿಯಲ್ಲಿ ಚಹಾಕ್ಕೆ ನಿಂತೆವು. ಅಂಗಡಿಯ ಗೋಡೆಗೆ ಜಾತ್ರೆಯ ಭಿತ್ತಿಪತ್ರ ಅಂಟಿಸಿದ್ದರು. ಮೇಲೆ ದೇವರು, ಅದರ ಕೆಳಗೆ ಸ್ವಾಮಿಗಳು, ಅವರ ಕೆಳಗೆ ಮುಖಂಡರ ಸಾಲು ಸಾಲು ಮುಖ. ತೀರಾ ಕೆಳಗೆ ದಪ್ಪಕ್ಷರದಲ್ಲಿ ‘ಭಾರೀ ಜಂಗಿ ನಿಕಾಲಿ ಕುಸ್ತಿಗಳು’.

‘ನಿಕಾಲಿ ಅಂದರೇನು?’ ಎಂದ ಗೆಳೆಯ. ಈ ಅಂಕಣ ಅವನಿಗೆ ಅಲ್ಲೇ ಕೊಟ್ಟ ಉತ್ತರದ ವಿಸ್ತಾರ.

ಜಂಗ್ ಎಂದರೆ ಪಾರಸಿಯಲ್ಲಿ ಯುದ್ಧ. ನಿಕಾಲ್ ಎಂದರೆ ಮರಾಠಿಯಲ್ಲಿ ತೀರ್ಮಾನ, ಫಲಿತಾಂಶ. ಅಂಕ ಎಣಿಸಿ ಗೆಲುವು ಕೊಡುವ ಮಾತಿಲ್ಲ. ಒಬ್ಬನ ಬೆನ್ನಿಗೆ ಮಣ್ಣು ಹತ್ತಬೇಕು. ಎರಡೂ ಭುಜ ನೆಲಕ್ಕೆ ತಾಗಿ ಅವನಿಗೆ ಆಕಾಶ ಕಾಣಬೇಕು. ಆಗ ಕುಸ್ತಿ ನಿಕಾಲಿ ಆಯಿತೆಂದು ಲೆಕ್ಕ. ಅದು ಅರೆ ನಿಮಿಷದಲ್ಲೂ ಆದೀತು, ಅರ್ಧ ಗಂಟೆಯೂ ಹಿಡಿದೀತು. ತೀರಾ ಎಳೆದಾಡಿದರೆ ಪಂಚರು ಇಬ್ಬರ ಕೈಯನ್ನೂ ಎತ್ತಿ ಬರಾಬರಿ ಎಂದು ಸಾರುತ್ತಾರೆ. ಜನರಿಗೆ ಅದು ಹಿಡಿಸುವುದಿಲ್ಲ, ಗೊಣಗುತ್ತಾರೆ. ಫಲಿತಾಂಶ ನೋಡಲೆಂದೇ ಬಂದವರು ಅವರು.

ಆ ಸಂಜೆ ಯಲ್ಲಮ್ಮನ ಗುಡ್ಡ ಇಳಿದವರು ಬಸ್ಸು ಹಿಡಿಯಲಿಲ್ಲ, ಭಿತ್ತಿಪತ್ರದಲ್ಲಿದ್ದ ಕುಸ್ತಿಯ ಊರಿಗೆ ಹೋದೆವು.

ಸುಗ್ಗಿ ಮುಗಿದ ಹೊಲವೇ ಮೈದಾನ. ನಡುವೆ ಕೆಂಪು ಮಣ್ಣಿನ ಅಖಾಡ, ಅದರ ಸುತ್ತ ನೆಲದ ಮೇಲೆ ಕೂತ ಜನ, ಅವರ ಹಿಂದೆ ನಿಂತ ಜನ, ಅವರ ಹಿಂದೆ ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಹತ್ತಿದ ಜನ. ಬೇವಿನ ಮರದಲ್ಲಿ ಹುಡುಗರು. ಗೆಳೆಯ ಕುರ್ಚಿ ಹುಡುಕಿದ. ಕುರ್ಚಿ ಇದ್ದದ್ದು ವೇದಿಕೆಯ ಮೇಲಿನ ಸ್ವಾಮಿಗಳಿಗೆ, ಮುಖಂಡರಿಗೆ. ನಾವು ಒಬ್ಬ ಅಜ್ಜನ ಪಕ್ಕದಲ್ಲಿ ನೆಲದ ಮೇಲೆಯೇ ಕೂತೆವು. ಹಳೆಯ ಪೈಲ್ವಾನರನ್ನು ಕಿವಿ ನೋಡಿ ಗುರುತಿಸಬಹುದು. ಉಜ್ಜಿ ಉಜ್ಜಿ ಹೂಕೋಸಿನಂತೆ ಮುದುಡಿರುತ್ತದೆ. ಅಜ್ಜನ ಎರಡೂ ಕಿವಿ ಹಾಗೇ ಇದ್ದವು.

ಮೊದಲು ಹುಡುಗರ ಕುಸ್ತಿ. ಎಂಟು ಹತ್ತು ವರ್ಷದ ಪೋರರು. ಗೆದ್ದವನಿಗೆ ಒಂದು ತೆಂಗಿನಕಾಯಿ, ಹತ್ತಿಪ್ಪತ್ತು ರೂಪಾಯಿ. ಸೋತು ಅಳುವವನಿಗೂ ಯಾರೋ ಕರೆದು ನೋಟು ಕೊಡುತ್ತಾರೆ. ಹೊತ್ತು ಏರಿದಂತೆ ಪೈಲ್ವಾನರ ಗಾತ್ರ ಏರುತ್ತದೆ, ಬಹುಮಾನವೂ ಏರುತ್ತದೆ. ಒಂದನೇ ನಂಬರಿನ ಜೋಡಿ ಕಟ್ಟಕಡೆಗೆ. ಈ ಕ್ರಮ ಗೊತ್ತಿರದ ಪ್ರವಾಸಿ ಆರಂಭದಲ್ಲಿ ಬಂದು ಅರ್ಧಕ್ಕೆ ಎದ್ದುಹೋದರೆ, ಊಟದ ಪಂಕ್ತಿಯಲ್ಲಿ ಉಪ್ಪು ಉಪ್ಪಿನಕಾಯಿ ಬಡಿಸಿದ ಕೂಡಲೇ ಕೈತೊಳೆದಂತೆ.

ಮಣ್ಣಿನ ಮಾತು ಬರಬೇಕು. ಅದು ಹೊಲದಿಂದ ತಂದು ಸುರಿದ ಮಣ್ಣಲ್ಲ. ಕಲ್ಲು ಹರಳು ಆರಿಸಿ, ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಹಾಕಿ ಹದ ಮಾಡಿದ್ದು. ಒಂದೊಂದು ಗರಡಿಯ ಪಾಕ ಒಂದೊಂದು. ಮಣ್ಣು ಬಿದ್ದವನ ಮೂಳೆ ಕಾಯಬೇಕು, ತರಚಿದ ಗಾಯ ಕೀವಾಗದಂತೆ ನೋಡಿಕೊಳ್ಳಬೇಕು ಎಂದು ಗರಡಿಯವರ ನಂಬಿಕೆ. ಕಣಕ್ಕಿಳಿದವನು ಮೊದಲು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಆಮೇಲೆ ಒಂದು ಹಿಡಿ ತೆಗೆದು ಎದುರಾಳಿಯ ಮೈಗೆ ಎರಚುತ್ತಾನೆ, ಅವನೂ ಇವನಿಗೆ ಎರಚುತ್ತಾನೆ. ಗೆಳೆಯ ಇದು ಅವಮಾನವೇ ಎಂದು ಕೇಳಿದ. ಮರ್ಯಾದೆ ಅದು, ಜತೆಗೆ ಉಪಾಯ ಕೂಡ: ಬೆವೆತ ಮೈ ಜಾರುತ್ತದೆ, ಮಣ್ಣು ಹತ್ತಿದರೆ ಇಬ್ಬರಿಗೂ ಹಿಡಿತ ಸಿಗುತ್ತದೆ. ನನ್ನನ್ನು ಸೋಲಿಸಲು ನಿನಗೆ ಬೇಕಾದ ಹಿಡಿತವನ್ನು ನಾನೇ ಕೊಡುತ್ತೇನೆ, ನೀನೂ ನನಗೆ ಕೊಡು ಎಂಬ ಒಪ್ಪಂದ.

ಇಷ್ಟು ನೋಡಿದ ಮೇಲೆ ಬ್ಯಾಂಕಾಕಿನ ‘ಕುಣಿತ’ದ ಅರ್ಥವೂ ಬಿಡಿಸಿಕೊಂಡಿತು. ಮುಯ್ ಥಾಯ್ ಪಟು ಕಾಳಗಕ್ಕೆ ಮೊದಲು ಮಾಡುವುದಕ್ಕೆ ‘ವಾಯ್ ಖ್ರೂ’ ಎನ್ನುತ್ತಾರೆ. ವಾಯ್ ಎಂದರೆ ಕೈ ಮುಗಿಯುವುದು. ಖ್ರೂ ಎಂದರೆ ಬೇರೆ ಯಾರೂ ಅಲ್ಲ, ನಮ್ಮ ಗುರು. ಸಂಸ್ಕೃತ–ಪಾಳಿಗಳ ಮೂಲಕ ಹೋಗಿ ಥಾಯ್ ನಾಲಿಗೆಯಲ್ಲಿ ಹಾಗಾಗಿದೆ. ತಲೆಗೆ ಸುತ್ತಿರುವ ‘ಮೊಂಗ್‌ಖೊನ್’ ಎಂಬ ಪಟ್ಟಿ ನಮ್ಮ ಮಂಗಲವೇ. ನಮಸ್ಕಾರ ಮುಗಿದ ಮೇಲೆ ಅದನ್ನು ತೆಗೆಯುವವನು ಗುರು. ಅಲ್ಲಿನ ಎರಡು ಹೆಸರಾಂತ ಸ್ಟೇಡಿಯಮ್ಮುಗಳಲ್ಲಿ ರಾಜದಮ್ನೋನ್ 1945ರಲ್ಲಿ ತೆರೆದದ್ದು, ಲುಂಪಿನಿ 1956ರಲ್ಲಿ. ಲುಂಪಿನಿ ಎಂದರೆ ಬುದ್ಧ ಹುಟ್ಟಿದ ಲುಂಬಿನಿ. ಹೀಗೆ ಪರದೇಶದ ಹೊಡೆದಾಟ ನೋಡಲು ಹೋದವನು ಅರ್ಧ ತನ್ನ ಶಬ್ದಕೋಶದೊಳಗೇ ಕೂತಿದ್ದ.

ಇಲ್ಲಿ ಗುರುವಿಗೆ ವಸ್ತಾದ ಎನ್ನುತ್ತಾರೆ. ಉಸ್ತಾದ್ ಎಂಬ ಪಾರಸಿ ಪದ ಬೆಳಗಾವಿ ಸೀಮೆಯಲ್ಲಿ ಹೀಗಾಗಿದೆ. ಪೈಲ್ವಾನ ಪಾರಸಿಯದು, ತಾಲೀಮು ಅರಬ್ಬಿಯದು, ಪಟ್ಟು, ವರಸೆ, ಕಣ ನಮ್ಮವು, ಢಾಕ್, ಘಿಸ್ಸಾ, ಧೋಬಿಪಛಾಡ್ ಉತ್ತರದಿಂದ ಬಂದವು. ಮೈಕಿನವನು ಕನ್ನಡದಲ್ಲಿ ಶುರುಮಾಡಿ, ಮರಾಠಿಗೆ ಹೊರಳಿ, ಹಿಂದಿಯಲ್ಲಿ ಮುಗಿಸುತ್ತಿದ್ದ. ಗಡಿಯ ಹೆಸರಿನಲ್ಲಿ ಏನೆಲ್ಲ ಗದ್ದಲ ನಡೆದಿರುವ ಜಿಲ್ಲೆಯಿದು. ಅಖಾಡದಲ್ಲಿ ಮಾತ್ರ ಕೊಲ್ಹಾಪುರದ ಹುಡುಗ ಒಳ್ಳೆಯ ಪಟ್ಟು ಹಾಕಿದರೆ ರಾಮದುರ್ಗದ ರೈತ ಎದ್ದುನಿಂತು ನೋಟು ಹಿಡಿಯುತ್ತಾನೆ.

ಕೊಲ್ಹಾಪುರ ಸುಮ್ಮನೆ ಬಂದ ಹೆಸರಲ್ಲ. ಈ ಸೀಮೆಯ ಮಣ್ಣಿನ ಕುಸ್ತಿಗೆ ಹಿರಿಯಣ್ಣ ಅದು. ಶಾಹೂ ಮಹಾರಾಜರು ದೇಶದ ಮೂಲೆಮೂಲೆಯಿಂದ ಮಲ್ಲರನ್ನು ಕರೆಸಿ ಸಾಕಿದರು. 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದರು. ರಾಮದುರ್ಗವೂ ಸ್ವಾತಂತ್ರ್ಯದವರೆಗೆ ಭಾವೆ ಮನೆತನದ ಸಂಸ್ಥಾನ, ಅದೇ ದಕ್ಷಿಣ ಮರಾಠಾ ಸೀಮೆಯ ಬಳಗದ್ದು. ಆ ಕಾಲದಿಂದಲೂ ಇಲ್ಲಿಯ ಕಸುವುಳ್ಳ ಹುಡುಗ ತಾಲೀಮಿಗೆಂದು ಗಂಟು ಕಟ್ಟಿದರೆ ಮುಖ ಮಾಡುವುದು ಆ ದಿಕ್ಕಿಗೆ.

ಆದರೆ ಬೇರು ಇನ್ನೂ ಹಳೆಯದು. ಸವದತ್ತಿ ರಟ್ಟರ ರಾಜಧಾನಿ. ರಟ್ಟರು ಕಲ್ಯಾಣ ಚಾಲುಕ್ಯರ ಸಾಮಂತರು. ಆ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರ ದರ್ಜೆ, ಅವರ ಸಾಧನೆ, ಅರಸ ಕೂತು ಕಾಳಗ ನೋಡುವ ಬಗೆ ಎಲ್ಲ ಅಲ್ಲಿದೆ. ಕುಸ್ತಿಯನ್ನು ನೋಡುವುದೂ ಒಂದು ವಿದ್ಯೆಯೆಂದು ಈ ನೆಲದ ಅರಸನೊಬ್ಬ ಒಂಬತ್ತು ನೂರು ವರ್ಷಗಳ ಹಿಂದೆಯೇ ಬಗೆದಿದ್ದ.

ಹಾಗಾದರೆ ಥಾಯ್ ಹುಡುಗರಂತೆ ಗುದ್ದಿ ಒದೆಯುವ ಕಾಳಗ ನಮ್ಮಲ್ಲಿ ಇರಲಿಲ್ಲವೇ? ಗುದ್ದುವುದು ಇತ್ತು. 1520ರ ಆಸುಪಾಸು ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲಯುದ್ಧ ನೋಡಿ, ಹಲ್ಲು ಉದುರುವ, ಕಣ್ಣು ಹೋಗುವ, ಮುಖ ವಿಕಾರವಾಗುವ ಏಟುಗಳ ಬಗ್ಗೆ ಬರೆದಿಟ್ಟಿದ್ದಾನೆ. ಅದರ ಕೊನೆಯ ಕೊಂಡಿಯಾಗಿ ಮೈಸೂರು ಅರಮನೆಯಲ್ಲಿ ವಿಜಯದಶಮಿಯ ಬೆಳಿಗ್ಗೆ ಜಟ್ಟಿಗಳ ವಜ್ರಮುಷ್ಟಿ ಕಾಳಗ ಈಗಲೂ ನಡೆಯುತ್ತದೆ. ತಲೆ ಬೋಳಿಸಿಕೊಂಡ ಇಬ್ಬರು ಜಟ್ಟಿಗಳು, ಬೆರಳಿಗೆ ಮೊನೆಯುಳ್ಳ ಮುಷ್ಟಿ. ರಕ್ತದ ಮೊದಲ ಹನಿ ಕಂಡೊಡನೆ ಕಾಳಗ ಮುಗಿಯುತ್ತದೆ. ನಮ್ಮ ಕಡೆಯ ಜಾತ್ರೆಗಳಲ್ಲಿ ಗುದ್ದು ಉಳಿಯಲಿಲ್ಲ, ಹಿಡಿತ ಉಳಿಯಿತು. ಮುಯ್ ಥಾಯ್‌ನಲ್ಲಿ ಎರಡು ಮುಷ್ಟಿ, ಎರಡು ಮೊಣಕೈ, ಎರಡು ಮೊಣಕಾಲು, ಎರಡು ಕಾಲು ಸೇರಿ ಎಂಟು ಆಯುಧ. ನಮ್ಮ ಪೈಲ್ವಾನನಿಗೆ ಒಂದೇ ಗುರಿ: ಎದುರಾಳಿಯ ಬೆನ್ನು. ಅದಕ್ಕೆ ಗಾಯ ಮಾಡಬೇಕಾಗಿಲ್ಲ, ನೆಲ ಮುಟ್ಟಿಸಿದರೆ ಸಾಕು.

ಇದೇ ಪ್ರವಾಸಿಗೆ ತೊಡಕು. ಏಟು ಕಣ್ಣಿಗೆ ಕಾಣುತ್ತದೆ, ಹಿಡಿತ ಕಾಣುವುದಿಲ್ಲ. ಮೂರನೇ ನಂಬರಿನ ಜೋಡಿ ಇಳಿದಾಗ ಗೆಳೆಯನಿಗೆ ಆಕಳಿಕೆ ಬಂತು. ಇಬ್ಬರೂ ಹಣೆಗೆ ಹಣೆ ಹಚ್ಚಿ, ಒಬ್ಬರ ಕತ್ತಿನ ಮೇಲೆ ಒಬ್ಬರು ಕೈ ಹಾಕಿ, ಗಾಣದ ಎತ್ತುಗಳಂತೆ ಸುತ್ತುತ್ತಿದ್ದರು. ಎರಡು ನಿಮಿಷ, ಮೂರು ನಿಮಿಷ. ‘ಇವರು ಯಾವಾಗ ಶುರು ಮಾಡುತ್ತಾರೆ?’ ಎಂದ.

ಅಜ್ಜ ಕೇಳಿಸಿಕೊಂಡಿದ್ದ. ‘ಶುರು ಆಗಿ ಬಾಳ ಹೊತ್ತಾತು ತಮ್ಮಾ. ನೀ ಕೈ ನೋಡಾಕತ್ತೀದಿ. ಕಾಲ ನೋಡು.’

ನೋಡಿದೆವು. ಕಪ್ಪು ಲಂಗೋಟದವನು ಬಲಗಾಲು ಮುಂದಿಟ್ಟಾಗಲೆಲ್ಲ ಕೆಂಪಿನವನು ಎಡಗಾಲು ಒಂದು ಗೇಣು ಹಿಂದೆಳೆಯುತ್ತಿದ್ದ. ಹೀಗೆ ಐದಾರು ಸಲ. ಕತ್ತಿನ ಮೇಲಿನ ಕೈ ಹಿಡಿಯುತ್ತಿರಲಿಲ್ಲ, ತೂಗಿ ನೋಡುತ್ತಿತ್ತು: ಇವನ ಭಾರ ಯಾವ ಕಾಲ ಮೇಲಿದೆ, ಉಸಿರು ಎಲ್ಲಿಗೆ ಬಂದಿದೆ. ‘ಈಗ ಕೆಂಪಿನಾಂವ ಹಿಂದ ಸರಿಯೂದು ಮರೀತಾನ ನೋಡ’ ಎಂದ ಅಜ್ಜ. ಅವನು ಮರೆತನೋ ದಣಿದನೋ, ಎಡಗಾಲು ಅಲ್ಲೇ ನಿಂತಿತು. ಕಪ್ಪಿನವನು ಕತ್ತು ಬಿಟ್ಟು ಬಗ್ಗಿ ಒಳಹೊಕ್ಕ. ಆ ಕಾಲು ಎತ್ತಿದ. ಕೆಂಪಿನವನು ಒಂಟಿಗಾಲಲ್ಲಿ ಕುಪ್ಪಳಿಸುತ್ತ, ಬೀಳುವಾಗ ಬೆಕ್ಕಿನಂತೆ ಹೊರಳಿ ಹೊಟ್ಟೆಯ ಮೇಲೆ ಬಿದ್ದ. ಬೆನ್ನು ಆಕಾಶಕ್ಕಿತ್ತು, ಸೋತಿರಲಿಲ್ಲ. ಕೈಕಾಲು ಅಗಲಿಸಿ ನೆಲಕ್ಕೆ ಅಂಟಿಕೊಂಡ. ಮೇಲಿನವನು ಕತ್ತಿಗೆ ಮೊಣಕಾಲು ಒತ್ತಿ, ಲಂಗೋಟಕ್ಕೆ ಕೈಹಾಕಿ ಒಂದು ಮಗ್ಗುಲು ಎಬ್ಬಿಸತೊಡಗಿದ. ಅದೇ ಘಿಸ್ಸಾ. ಕೆಳಗಿನವನು ಬೆರಳುಗಳಿಂದ ಮಣ್ಣು ಅಗೆಯುತ್ತಿದ್ದ. ಆ ಐದು ಬೆರಳು ಎಳೆದ ಗೆರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಆಗಲೇ ಹಲಗಿ ವಾದ್ಯದ ಪೆಟ್ಟು ಬದಲಾದದ್ದು. ಅಲ್ಲಿಯತನಕ ಸಾವಕಾಶ ನಡೆಯುತ್ತಿದ್ದ ಲಯ ಒಮ್ಮೆಲೇ ದೌಡಾಯಿಸಿತು. ಕೂತವರು ಮಂಡಿಯ ಮೇಲೆ ಎದ್ದರು, ಮಂಡಿಯ ಮೇಲಿದ್ದವರು ನಿಂತರು. ಗೆಳೆಯ ನನ್ನ ತೋಳು ಹಿಡಿದು ‘ಅಲ್ಲಿಯ ಪೀಪಿಯೂ ಹೀಗೇ ಮಾಡುತ್ತಿತ್ತು!’ ಎಂದು ಕೂಗಿದ. ಸರಿಯಾಗೇ ಹಿಡಿದಿದ್ದ. ಥಾಯ್ ಕಣದ ಪಕ್ಕದಲ್ಲಿ ‘ಪಿ ಚವಾ’ ಎಂಬ ಜಾವಾ ಮೂಲದ ಓಲಗ, ಒಂದು ಜೋಡಿ ಚರ್ಮವಾದ್ಯ, ಕೈತಾಳ ಇರುತ್ತವೆ. ಗುರುವಂದನೆಗೆ ವಿಳಂಬದಲ್ಲಿ ನುಡಿಯುವ ಅವು ಸುತ್ತು ಏರಿದಂತೆ ದ್ರುತಕ್ಕೆ ಏರುತ್ತವೆ. ನುಡಿಸುವವರ ಕಣ್ಣು ಪಟುಗಳ ಮೇಲೇ ಇರುತ್ತದೆ. ಅಲ್ಲಿ ಓಲಗ, ಇಲ್ಲಿ ಹಲಗಿ, ಕೆಲಸ ಒಂದೇ. ಕಣ್ಣಿಗೆ ಕಾಣದ ಕುಸ್ತಿಯನ್ನು ಕಿವಿಗೆ ಹೇಳುವುದು. ಹೊಸಬ ನೋಡಲು ಕಲಿಯುವ ಮುನ್ನ ಕೇಳಲು ಕಲಿತರೆ ಅರ್ಧ ಕುಸ್ತಿ ತಿಳಿದಂತೆ. ಹಲಗಿಯವನಷ್ಟು ಹತ್ತಿರದಿಂದ, ಅಷ್ಟು ವರ್ಷ ಕುಸ್ತಿ ನೋಡಿದವರು ಆ ಮೈದಾನದಲ್ಲಿ ಬೇರೆ ಯಾರಿದ್ದಾರೆ?

ಮುಯ್ ಥಾಯ್ ಮೂರು ನಿಮಿಷಗಳ ಐದು ಸುತ್ತು, ನಡುನಡುವೆ ಎರಡು ನಿಮಿಷ ಬಿಡುವು. ಮೊದಲೆರಡು ಸುತ್ತು ‘ಏನೂ ಆಗದೆ’ ಕಳೆಯುವುದೂ ಸುಮ್ಮನೆ ಅಲ್ಲ. ಪಟುಗಳು ಪರಸ್ಪರ ತೂಗುತ್ತಿರುತ್ತಾರೆ, ಮೇಲಿನ ಸಾಲುಗಳ ಬಾಜಿಯವರು ಇಬ್ಬರನ್ನೂ ತೂಗುತ್ತಿರುತ್ತಾರೆ. ಅವರ ಬೆರಳುಗಳ ಸನ್ನೆಯಲ್ಲೇ ಹಣ ಕೈ ಬದಲಾಯಿಸುತ್ತದೆ. ದುಬಾರಿ ಟಿಕೆಟಿನ ಪ್ರವಾಸಿ ಕಣದ ಪಕ್ಕದಲ್ಲಿ, ಆಟ ಬಲ್ಲವನು ಹಿಂದಿನ ಅಗ್ಗದ ಸಾಲಿನಲ್ಲಿ. ನಮ್ಮಲ್ಲೂ ಬಲ್ಲವನು ನೆಲದ ಮೇಲೆಯೇ ಕೂತಿರುತ್ತಾನೆ. ಹಣವೂ ಓಡಾಡುತ್ತದೆ, ಆದರೆ ಬೇರೆ ದಾರಿಯಲ್ಲಿ. ಗೆದ್ದವನು ಮೈದಾನ ಸುತ್ತುತ್ತ ಬರುತ್ತಾನೆ, ಮೆಚ್ಚಿದವರು ಕೈಗೆ ನೋಟು ತುರುಕುತ್ತಾರೆ, ಮೈಕಿನವನು ಕೊಟ್ಟವರ ಹೆಸರು ಕೂಗುತ್ತಾನೆ. ದೊಡ್ಡ ಕುಸ್ತಿಗೆ ಬೆಳ್ಳಿಯ ಗದೆ, ಬೆಳ್ಳಿಯ ಕಡಗ.

ಆ ಜೋಡಿಯ ಕುಸ್ತಿ ಕೊನೆಗೆ ನಿಕಾಲಿ ಆಯಿತು. ಕೆಂಪಿನವನ ಬೆರಳು ಸೋತವು. ಮಗುಚಿ ಬಿದ್ದವನ ಬೆನ್ನು ಮಣ್ಣು ಮುಟ್ಟಿದ ಗಳಿಗೆ ಹಲಗಿ ಗಕ್ಕನೆ ನಿಂತಿತು. ಗೆದ್ದವನು ಮೊದಲು ಮಾಡಿದ ಕೆಲಸ ಬಿದ್ದವನನ್ನು ಕೈಹಿಡಿದು ಎಬ್ಬಿಸಿದ್ದು, ಎರಡನೆಯದು ಅವನ ವಸ್ತಾದನ ಕಾಲು ಮುಟ್ಟಿದ್ದು. ತನ್ನ ವಸ್ತಾದನ ಬಳಿ ಹೋದದ್ದು ಆಮೇಲೆ.

ಮಣ್ಣಿನ ಮಹಿಮೆಯನ್ನು ಇಷ್ಟು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳದಿದ್ದರೆ ತಪ್ಪಾದೀತು. ಲೋಕದ ಕುಸ್ತಿ ನಡೆಯುವುದು ಮ್ಯಾಟ್ ಮೇಲೆ. ಅಲ್ಲಿ ಮೂರು ನಿಮಿಷಗಳ ಎರಡು ಅವಧಿ; ತೂಗುತ್ತ ಕೂತರೆ ಎದುರಾಳಿಗೆ ಅಂಕ. ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಮಣ್ಣಿನಲ್ಲೇ ಬೆಳೆದ ಅವರಿಗೆ ಮ್ಯಾಟ್ ಹೊಸದು; ಆರನೆಯವರಾಗಿ ಬಂದರು. ಅದನ್ನು ಕಲಿತು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನ ಮೊದಲ ವೈಯಕ್ತಿಕ ಪದಕ ಅದು. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 55 ಕೆ.ಜಿ. ಗ್ರೀಕೊ–ರೋಮನ್ ಕಂಚು ತಂದದ್ದೂ ಮ್ಯಾಟ್ ಮೇಲೆ. ಬೆಳಿಗ್ಗೆ ಮ್ಯಾಟ್, ಜಾತ್ರೆಯ ಸಂಜೆ ಮಣ್ಣು: ಈಗಿನ ಹುಡುಗರು ಎರಡು ದೋಣಿಯಲ್ಲಿ ಕಾಲಿಟ್ಟೇ ದಡ ಸೇರಬೇಕು. ಪದಕಕ್ಕೆ ಮ್ಯಾಟ್ ಬೇಕು. ತಿಂಗಳ ಬದಾಮು, ಹಾಲು, ತುಪ್ಪದ ಖರ್ಚಿಗೆ ಜಾತ್ರೆಯ ಬಹುಮಾನ ಬೇಕು.

ಹೆಣ್ಣುಮಕ್ಕಳಿಗೂ ಬಾಗಿಲು ಮೆಲ್ಲಗೆ ತೆರೆದಿದೆ. ಲುಂಪಿನಿ ಸ್ಟೇಡಿಯಮ್ಮಿನ ಕಣದೊಳಗೆ ಹೆಂಗಸರು ಕಾಲಿಡಬಾರದೆಂಬ ಕಟ್ಟಳೆ ದಶಕಗಳ ಕಾಲ ಇತ್ತು. ಅಲ್ಲಿ ಮಹಿಳೆಯರ ಮೊದಲ ಕಾಳಗ ನಡೆದದ್ದು 2021ರಲ್ಲಿ. ನಮ್ಮ ಗರಡಿಗಳೂ ಹೆಣ್ಣಿನ ನೆರಳನ್ನು ದೂರವಿಟ್ಟೇ ಬೆಳೆದವು. ಈಗ ಮ್ಯಾಟ್ ಮೇಲೆ ಗೆದ್ದ ಹುಡುಗಿಯರು ಜಾತ್ರೆಯ ಅಖಾಡಕ್ಕೂ ಇಳಿಯುತ್ತಿದ್ದಾರೆ. 1824ರ ಅಕ್ಟೋಬರ್ 23ರಂದು ಬ್ರಿಟಿಷರ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ ಕಿತ್ತೂರಿನ ರಾಣಿಯ ಸಮಾಧಿ ಬೈಲಹೊಂಗಲದ ನಡುವೆಯೇ ಇದೆ. ಇಂಥ ಸೀಮೆಯಲ್ಲಿ ಇದಕ್ಕೆ ಯಾರೂ ಹುಬ್ಬೇರಿಸಬೇಕಾಗಿಲ್ಲ.

ಥಾಯ್ಲೆಂಡಿನಲ್ಲೂ ಮುಯ್ ಥಾಯ್ ಬೆಳೆದದ್ದು ಗುಡಿಯ ಜಾತ್ರೆಗಳಲ್ಲೇ. ಹಳ್ಳಿಗಳಲ್ಲಿ ಇವತ್ತಿಗೂ ಅಲ್ಲೇ ಆಡುತ್ತಾರೆ. ಅವರು ಅದಕ್ಕೊಂದು ವೇಳಾಪಟ್ಟಿ ಕೊಟ್ಟರು, ಹೊಸಬನಿಗೆ ಕೂರಲು ಜಾಗ ಕೊಟ್ಟರು. ಯಾವ ವಾರ ಯಾವ ಸ್ಟೇಡಿಯಮ್ಮಿನಲ್ಲಿ ಕಾಳಗ ಎಂದು ಬೆಂಗಳೂರಿನಲ್ಲಿ ಕೂತವನಿಗೂ ಗೊತ್ತಾಗುತ್ತದೆ. ನಮ್ಮ ಕುಸ್ತಿಯ ದಿನ ಗೊತ್ತಾಗುವುದು ಚಹಾದಂಗಡಿಯ ಗೋಡೆಗೆ ಮಾತ್ರ. ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬಂದುಹೋಗುತ್ತಾರೆ, ಮಗ್ಗುಲ ಊರಿನಲ್ಲಿ ಅದೇ ಸಂಜೆ ಹಲಗಿ ಮೊಳಗುತ್ತಿರುವುದು ಅವರ ಕಿವಿಗೆ ಬೀಳುವುದಿಲ್ಲ. ಜಾತ್ರಾ ಸಮಿತಿಗಳು ಕುಸ್ತಿಯ ದಿನ, ಹೊತ್ತು, ಜೋಡಿಗಳ ಹೆಸರನ್ನು ತಿಂಗಳ ಮೊದಲೇ ಸಾರಿದರೆ, ಬಸ್ ನಿಲ್ದಾಣದಲ್ಲೊಂದು ಹಲಗೆ ಹಾಕಿದರೆ ಹೆಚ್ಚು ಖರ್ಚೇನೂ ಇಲ್ಲ. ಅಖಾಡಕ್ಕೆ ಸಿಮೆಂಟಿನ ಗ್ಯಾಲರಿ ಕಟ್ಟುವುದು ಬೇಡ. ಅಜ್ಜನ ಪಕ್ಕದಲ್ಲಿ ಕೂರುವ ಭಾಗ್ಯ ತಪ್ಪಿಹೋದೀತು.

ಅಲ್ಲಿಯವರೆಗೆ ಓದುಗರಿಗೆ ಒಂದು ಕಿವಿಮಾತು. ಪ್ರತಿ ವರ್ಷ ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರು ಉತ್ಸವ. ಕೋಟೆಯ ಅವಶೇಷ, ವೇದಿಕೆಯ ಹಾಡು ಕುಣಿತ ನೋಡಿಕೊಂಡು ಹಾಗೇ ಮರಳಬೇಡಿ. ಕುಸ್ತಿ ಎಷ್ಟು ಹೊತ್ತಿಗೆ, ಎಲ್ಲಿ ಎಂದು ಕೇಳಿ. ಹೆದ್ದಾರಿಯ ಮಗ್ಗುಲಲ್ಲೇ ಇರುವ ಊರು, ಧಾರವಾಡದಿಂದಲೂ ಬೆಳಗಾವಿಯಿಂದಲೂ ಬಸ್ಸುಂಟು. ಬಿಳಿ ಬಟ್ಟೆ ಹಾಕಿಕೊಂಡು ಬರಬೇಡಿ. ಕುರ್ಚಿ ಹುಡುಕಬೇಡಿ. ಕಿವಿ ಮುದುಡಿದ ಹಿರಿಯರು ಯಾರಾದರೂ ಕಂಡರೆ ಅವರ ಪಕ್ಕದಲ್ಲಿ ಜಾಗ ಹಿಡಿಯಿರಿ. ಒಂದನೇ ನಂಬರಿನ ಜೋಡಿ ಇಳಿಯುವ ತನಕ ಏಳಬೇಡಿ.

ಮತ್ತೆ, ಕೈ ನೋಡಬೇಡಿ. ಕಾಲು ನೋಡಿ.